ಧ್ಯಾನಮಂದಿರಕ್ಕೆ ಗುಮ್ಮಟವೋ ಹಂಚೋ?

ಪ್ರಶ್ನೆ: ಸಕಲೇಶಪುರದ ಬಳಿ ಕಾಫಿ ತೋಟದಲ್ಲಿ 30 ಜನ ಕೂರುವ ಧ್ಯಾನಮಂದಿರ ಕಟ್ಟಿಸುತ್ತಿದ್ದೇವೆ. ನೆಂಟರು ಗುಮ್ಮಟ ಮಾಡಿಸಿ ಅಂತಾರೆ, ಮೇಸ್ತ್ರಿ ಶೀಟ್ ಸಾಕು ಅಂತಾರೆ. ಪಶ್ಚಿಮದ ಕಣಿವೆ ಕಡೆ ಪೂರ್ತಿ ಗಾಜು ಇಡುವ ಆಸೆ ನಮಗೆ. ಯಾವುದು ಸರಿ?

ಉತ್ತರ: ಮೂರೂ ಬೇಡ. ಕಣ್ಣು ಮುಚ್ಚಿ ಕೂರುವ ಜಾಗ ಇದು, ಮೊದಲು ಕಿವಿಯ ಲೆಕ್ಕ ಹಾಕಿ.

ಗಿಡ್ಡ ಗೋಡೆಯ ಮೇಲೆ ಅರ್ಧಗೋಳ ಕೂರಿಸಿದರೆ ಅದರ ಕೇಂದ್ರ ನೆಲದಿಂದ ಎರಡು ಮೂರು ಅಡಿಗೆ, ಚಕ್ಕಳಮಕ್ಕಳ ಹಾಕಿ ಕೂತವರ ಕಿವಿಯ ಮಟ್ಟಕ್ಕೇ ಬರುತ್ತದೆ. ನಡುವೆ ಕೂತವರು ಕೆಮ್ಮಿದರೆ ಆ ಸದ್ದು ಗುಮ್ಮಟಕ್ಕೆ ತಗುಲಿ ಅವರ ತಲೆ ಮೇಲೇ ಬಂದು ಬೀಳುತ್ತದೆ. ವಿಜಯಪುರದ ಗೋಲಗುಮ್ಮಟದಲ್ಲಿ ಪಿಸುಮಾತು ಎದುರು ಬದಿಗೆ ಕೇಳುವುದು ನೋಡಲು ಬಂದವರಿಗೆ ಸೊಗಸು, ಧ್ಯಾನಕ್ಕೆ ಕೂತವರಿಗಲ್ಲ.

ಬರೀ ಶೀಟಿನಡಿ ಆಷಾಢದ ಮಳೆಯಲ್ಲಿ ಪಕ್ಕದವರ ಮಾತೂ ಕೇಳದು. ಥರ್ಮೋಕೋಲ್ ಅಂಟಿಸಿ ಪ್ರಯೋಜನವಿಲ್ಲ, ಅದು ಬಿಸಿಲಿಗೆ ತಡೆ, ಸದ್ದಿಗಲ್ಲ. ಮಂಗಳೂರು ಹಂಚು ಹಾಕಿಸಿ. ಇಳಿಜಾರು 30 ಡಿಗ್ರಿಗೆ ಕಮ್ಮಿ ಬೇಡ, ಹಂಚಿನ ಕೆಳಗೆ ಸೀಲಿಂಗ್ ಹಂಚಿನ ಇನ್ನೊಂದು ಪದರ ಇರಲಿ. ಶೀಟೇ ಗತಿಯಾದರೆ ಅದಕ್ಕೆ ಒತ್ತಿ 50 ಮಿ.ಮೀ. ರಾಕ್‌ವೂಲ್ (ಕಲ್ಲಿನ ನಾರಿನ ಹಾಸು), ನಾಲ್ಕು ಅಂಗುಲ ಖಾಲಿ ಬಿಟ್ಟು ಜಿಪ್ಸಮ್ ಬೋರ್ಡು.

ತಲೆಗೆ 3×4 ಅಡಿ ಹಿಡಿದರೆ 360 ಚದರಡಿ. ಓಡಾಟ, ಬಾಗಿಲು, ಮುಂದಿನ ಪೀಠ ಸೇರಿ 20×30 ಅಡಿ ಸಾಕು. ಸರಾಸರಿ 13 ಅಡಿ ಎತ್ತರದ ಇಂಥ ಹಾಲ್‌ಗೆ ಬರೀ ಗಾರೆ ಗೋಡೆ, ಕಲ್ಲಿನ ನೆಲ ಇದ್ದರೆ ಖಾಲಿಯಿದ್ದಾಗ ಒಂದು ಚಪ್ಪಾಳೆ ಐದು ಸೆಕೆಂಡಿನಷ್ಟು ಗುಂಯ್‌ಗುಡುತ್ತದೆ. ಅದು ಒಂದು ಸೆಕೆಂಡಿಗೆ ಇಳಿಯಬೇಕು. ಹಿಂದಿನ ಮತ್ತು ಪಕ್ಕದ ಗೋಡೆಗಳಿಗೆ ಒಟ್ಟು 270 ಚದರಡಿ ವುಡ್‌ವೂಲ್ (ಮರದ ಎಳೆಗಳಿಂದ ಮಾಡಿದ) ಹಲಗೆ ಹೊಡೆಸಿ, ನೆಲಕ್ಕೆ ದಪ್ಪ ಚಾಪೆ ಹಾಸಿ. ಜನ ಕೂತಾಗ ಇನ್ನೂ ತಗ್ಗುತ್ತದೆ.

ಪಶ್ಚಿಮದ ಗಾಜು ಸಂಜೆ ಕೂಟದಲ್ಲಿ ಮುಖಕ್ಕೆ ಬಿಸಿಲು ಹೊಡೆಯುತ್ತದೆ. ಕತ್ತಲಾಗಿ ದೀಪ ಹಚ್ಚಿದ ಮೇಲೆ ಅದೇ ಗಾಜು ಕನ್ನಡಿ, ಎದುರಿಗೆ ಮೂವತ್ತು ಜನರ ಪ್ರತಿಬಿಂಬ! ಕಣಿವೆ ನೋಡಲು ಹೊರಗೆ ಆರಡಿ ಜಗಲಿ ಮಾಡಿಸಿ, ನಡಿಗೆ ಧ್ಯಾನಕ್ಕೂ ಆಗುತ್ತದೆ, ಎರಚಲೂ ಒಳಗೆ ಬಾರದು. ಒಳಗೆ ಬೆಳಕು ಉತ್ತರದಿಂದ, ಆರಡಿ ಮೇಲಿನ ಕಿಟಕಿಯಿಂದ ಬರಲಿ.

ಕೋಣೆ ಬಿಗಿಯಾದಷ್ಟೂ ಉಸಿರು ಕಟ್ಟಿ ಜನ ತೂಕಡಿಸುತ್ತಾರೆ, ತಪ್ಪು ಮಾತ್ರ ಮನಸ್ಸಿನ ಮೇಲೆ ಹೊರಿಸುತ್ತಾರೆ. ನೆಲಮಟ್ಟದಲ್ಲಿ ಗಾಳಿಕಿಂಡಿ, ಮುಚ್ಚಿಗೆಯ ತುದಿಯಲ್ಲಿ ಬಿಸಿಗಾಳಿ ಹೋಗಲು ದಾರಿ, ಎರಡಕ್ಕೂ ಸೊಳ್ಳೆಜಾಲರಿ. ಶೌಚಾಲಯ 40 ಅಡಿ ದೂರವಿರಲಿ, ಅದರ ಪೈಪು ಹಾಲ್ ಗೋಡೆಯಲ್ಲಿ ಹಾಯದಿರಲಿ.

ಪ್ರಶ್ನೆ: ಬೆಂಗಳೂರಿನ ರಸ್ತೆಬದಿ ಮನೆಯಲ್ಲಿ 8×10 ಅಡಿ ಕೋಣೆ ಇದೆ. ಗೋಡೆಗೆ ಮೊಟ್ಟೆ ಟ್ರೇ ಅಂಟಿಸಲೇ?

ಉತ್ತರ: ಬೇಡ, ಅದು ಒಳಗಿನ ಮಾರ್ದನಿಯನ್ನು ಅಲ್ಪಸ್ವಲ್ಪ ಕುಗ್ಗಿಸೀತು, ಹಾರ್ನ್ ನಿಲ್ಲಿಸದು. ಸದ್ದು ನುಗ್ಗುವುದು ಸಂದಿಯಿಂದ. ಬಾಗಿಲ ಕೆಳಗಿನ ಅರ್ಧ ಅಂಗುಲಕ್ಕೆ ರಬ್ಬರ್ ಪಟ್ಟಿ, ಕಿಟಕಿ ಚೌಕಟ್ಟಿನ ಸುತ್ತ ಸಿಲಿಕಾನ್, ರಸ್ತೆ ಕಡೆಗೆ ಇನ್ನೊಂದು ಗಾಜಿನ ಕಿಟಕಿ, ನಡುವೆ ನಾಲ್ಕು ಅಂಗುಲ ಅಂತರ. ಗಾಳಿಗೆ ಹಿಂದಿನ ಕಿಟಕಿ ತೆರೆದಿಡಿ.