ಮನೆಯಿಂದ ಕೆಲಸ ಮಾಡುವಾಗ ವರ್ಚುವಲ್ ಡೆಸ್ಕ್‌ಟಾಪ್ ನಿಧಾನ, ಪದೇಪದೇ ಕಟ್, ಆಮೇಲೆ ಕಪ್ಪು ಪರದೆ. ಏನು ಮಾಡಲಿ?

ಶಿರಸಿ ಹತ್ತಿರದ ಹಳ್ಳಿಮನೆಯಿಂದ ಬೆಂಗಳೂರಿನ ಕಂಪನಿಯ ವರ್ಚುವಲ್ ಡೆಸ್ಕ್‌ಟಾಪ್ (ಕಂಪನಿಯ ಸರ್ವರ್‌ನಲ್ಲಿ ಓಡುತ್ತ ನಿಮ್ಮ ಪರದೆಯಲ್ಲಿ ಕಾಣುವ ಕಂಪ್ಯೂಟರ್) ಬಳಸುತ್ತೀರಿ. ಟೈಪ್ ಮಾಡಿದ ಅಕ್ಷರ ತಡವಾಗಿ ಮೂಡುತ್ತದೆ, ಇನ್ವರ್ಟರ್ ಇದ್ದೂ ಕರೆಂಟ್ ಹೋದಾಗೆಲ್ಲ ಸಂಪರ್ಕ ತಪ್ಪುತ್ತದೆ, ಮತ್ತೆ ಲಾಗಿನ್ ಆದರೆ ಒಮ್ಮೊಮ್ಮೆ ಬರೀ ಕಪ್ಪು ಪರದೆ. ಸ್ಪೀಡ್ ಟೆಸ್ಟ್‌ನಲ್ಲಿ 100 ಎಂಬಿಪಿಎಸ್ ತೋರಿಸುವುದರಿಂದ ತೊಂದರೆ ಸರ್ವರ್‌ನದ್ದೇ ಇರಬೇಕು ಎಂದು ಬರೆದಿದ್ದೀರಿ. ನಾನು ಕಾರವಾರದಲ್ಲಿದ್ದುಕೊಂಡು ಇದೇ ಸಪೋರ್ಟ್ ಕೆಲಸ ಮಾಡುವವನು. ಸರ್ವರ್ ಮೇಲೆ ಹೇಳುವ ಮೊದಲು ಮನೆಯೊಳಗಿನ ದಾರಿಯನ್ನು ನೋಡಿಬಿಡಿ.

ವರ್ಚುವಲ್ ಡೆಸ್ಕ್‌ಟಾಪ್‌ಗೆ ದೊಡ್ಡ ಸ್ಪೀಡ್ ಬೇಕಿಲ್ಲ. ನೀವು ಒತ್ತಿದ ಕೀ ಅಲ್ಲಿಗೆ ಹೋಗಿ, ಬದಲಾದ ಚಿತ್ರ ಇಲ್ಲಿಗೆ ಬರಲು ಹಿಡಿಯುವ ಸಮಯ ಮುಖ್ಯ. ಅದು 150 ಮಿಲಿಸೆಕೆಂಡ್ ಒಳಗಿದ್ದರೆ ಸಾಮಾನ್ಯ ಆಫೀಸ್ ಕೆಲಸಕ್ಕೆ ತೊಂದರೆಯಿಲ್ಲ. ಅದು ಒಮ್ಮೆ 20, ಇನ್ನೊಮ್ಮೆ 400 ಎಂದು ಕುಣಿಯುತ್ತಿದ್ದರೆ ಎಷ್ಟು ಎಂಬಿಪಿಎಸ್ ಇದ್ದರೂ ಕೆಲಸ ತಡವರಿಸುತ್ತದೆ.

ಅಳೆಯುವುದು ಸುಲಭ. ನಿಮ್ಮ ಲ್ಯಾಪ್‌ಟಾಪ್‌ನಲ್ಲೇ ಕಮಾಂಡ್ ಪ್ರಾಂಪ್ಟ್‌ನ ಎರಡು ಕಿಟಕಿ ತೆರೆಯಿರಿ. ಒಂದರಲ್ಲಿ ನಿಮ್ಮ ರೂಟರ್‌ಗೆ (ಹೆಚ್ಚಿನ ಮನೆಗಳಲ್ಲಿ 192.168.1.1), ಇನ್ನೊಂದರಲ್ಲಿ 8.8.8.8ಕ್ಕೆ (ಹೊರಗಿರುವ ಗೂಗಲ್‌ನ ಸರ್ವರ್) ಪಿಂಗ್ ಕೊಡಿ, ಅಂದರೆ ಉತ್ತರ ಬರಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಅಳೆಯುವ ping ಆದೇಶ. ಕೊನೆಯಲ್ಲಿ ಹೈಫನ್ ಟಿ (-t) ಸೇರಿಸಿದರೆ ನಿಲ್ಲದೆ ಓಡುತ್ತಿರುತ್ತದೆ. ಅಕ್ಷರ ತಡವಾದ ಕ್ಷಣಕ್ಕೆ ಎರಡನ್ನೂ ನೋಡಿ. ರೂಟರ್‌ನ ಉತ್ತರವೇ ಒಂದೆರಡು ಮಿಲಿಸೆಕೆಂಡ್ ಬಿಟ್ಟು ನೂರರ ಮೇಲೆ ಹೋದರೆ ವೈಫೈಯದ್ದೇ ಕಾಯಿಲೆ. ರೂಟರ್ ಸರಿಯಿದ್ದು 8.8.8.8 ಮಾತ್ರ 'ರಿಕ್ವೆಸ್ಟ್ ಟೈಮ್ಡ್ ಔಟ್' ಎನ್ನುತ್ತಿದ್ದರೆ ಹೊರಗಿನ ಲೈನ್ ನೋಡಿಸಬೇಕು. ಎರಡೂ ಚೊಕ್ಕವಾಗಿದ್ದು ಡೆಸ್ಕ್‌ಟಾಪ್ ಮಾತ್ರ ನಿಂತರೆ ವಿಪಿಎನ್ (ಕಂಪನಿಯ ನೆಟ್‌ವರ್ಕ್‌ಗೆ ಸೇರಿಸುವ ಸುರಕ್ಷಿತ ದಾರಿ) ಅಥವಾ ಸರ್ವರ್ ಮೇಲೆ ಅನುಮಾನ ಪಡಬಹುದು.

ನಮ್ಮ ಕಡೆಯ ಹಳೇ ಮನೆಗಳಲ್ಲಿ ಚಿರೇಕಲ್ಲಿನ ದಪ್ಪ ಗೋಡೆ. ರೂಟರ್ ಜಗಲಿಯಲ್ಲಿದ್ದು ನೀವು ಮಾಳಿಗೆಯ ಕೋಣೆಯಲ್ಲಿ ಕೂತರೆ 5 ಗಿಗಾಹರ್ಟ್ಸ್ ವೈಫೈ ಅಷ್ಟು ದೂರ ಸರಿಯಾಗಿ ಮುಟ್ಟುವುದಿಲ್ಲ. ರಿಪೀಟರ್ ಕೊಳ್ಳುವ ಬದಲು ಒಂದು ಲ್ಯಾನ್ ಕೇಬಲ್ ಎಳೆಸಿ. ಇದಕ್ಕಿಂತ ಒಳ್ಳೆಯ ಖರ್ಚು ನನಗೆ ಗೊತ್ತಿಲ್ಲ.

ಇನ್ನು ಕರೆಂಟ್. ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋಗುವುದು ನಮ್ಮ ಕೈಯಲ್ಲಿಲ್ಲ, ಆದರೆ ಇನ್ವರ್ಟರ್ ಇದ್ದೂ ಸಂಪರ್ಕ ತಪ್ಪುತ್ತಿದೆ ಎಂದಿರಲ್ಲ, ಅದಕ್ಕೆ ದಾರಿಯಿದೆ. ಇನ್ವರ್ಟರ್‌ನ ಹಿಂದೆಯೋ ಮುಂದೆಯೋ ಯುಪಿಎಸ್ ಮತ್ತು ನಾರ್ಮಲ್ (ಕೆಲವದರಲ್ಲಿ ಇಕೋ) ಎಂಬ ಸ್ವಿಚ್ ಇರುತ್ತದೆ. ನಾರ್ಮಲ್‌ನಲ್ಲಿದ್ದರೆ ಬ್ಯಾಟರಿಗೆ ಬದಲಾಗಲು ಸ್ವಲ್ಪ ಹೆಚ್ಚು ಹೊತ್ತು ಬೇಕು. ಫ್ಯಾನ್, ಬಲ್ಬಿಗೆ ಅದು ಗೊತ್ತೇ ಆಗುವುದಿಲ್ಲ, ಲ್ಯಾಪ್‌ಟಾಪ್‌ಗೆ ಅದರದ್ದೇ ಬ್ಯಾಟರಿ ಇದೆ. ಫೈಬರ್ ಪೆಟ್ಟಿಗೆ ಮತ್ತು ರೂಟರ್ ಮಾತ್ರ ಆರಿ ಹತ್ತುತ್ತವೆ, ಮತ್ತೆ ನೆಟ್ ಬರಲು ಕೆಲವು ನಿಮಿಷ ಹಿಡಿಯುತ್ತದೆ. ಸಿಟ್ರಿಕ್ಸ್ (ವರ್ಚುವಲ್ ಡೆಸ್ಕ್‌ಟಾಪ್ ಒದಗಿಸುವ ಒಂದು ಸಾಫ್ಟ್‌ವೇರ್) ತಾನಾಗಿಯೇ ಸೆಷನ್, ಅಂದರೆ ನೀವು ತೆರೆದಿಟ್ಟ ಕೆಲಸ, ಹಿಡಿದಿಟ್ಟುಕೊಳ್ಳುವ ಅವಧಿ, ಕಂಪನಿ ಬದಲಿಸದಿದ್ದರೆ, 180 ಸೆಕೆಂಡ್. ರೂಟರ್ ಅದಕ್ಕಿಂತ ತಡಮಾಡಿತೋ, ನೀವೇ ಮತ್ತೆ ಲಾಗಿನ್ ಆಗಬೇಕಾಗಬಹುದು. ಸ್ವಿಚ್ ಯುಪಿಎಸ್‌ಗೆ ಹಾಕಿ ನೋಡಿ. ಆಗಲೂ ಆರಿದರೆ ರೂಟರ್‌ಗೆಂದೇ ಸಿಗುವ ಸಣ್ಣ ಡಿಸಿ ಯುಪಿಎಸ್ ತನ್ನಿ. ತರುವ ಮೊದಲು ರೂಟರ್ ಅಡಾಪ್ಟರ್ ಮೇಲೆ ಬರೆದ ವೋಲ್ಟ್, ಆಂಪಿಯರ್ ನೋಡಿಕೊಳ್ಳಿ. ಫೈಬರ್ ಪೆಟ್ಟಿಗೆ ಬೇರೆಯಿದ್ದರೆ ಅದಕ್ಕೂ ಬೇಕು.

ಕಪ್ಪು ಪರದೆಗೆ ಬರೋಣ. ಸಂಪರ್ಕ ತಪ್ಪಿದರೂ ಸರ್ವರ್‌ನಲ್ಲಿ ನಿಮ್ಮ ಸೆಷನ್ ಸಾಮಾನ್ಯವಾಗಿ ಜೀವಂತ ಇರುತ್ತದೆ, ತೆರೆದಿಟ್ಟ ಫೈಲ್ ಸಮೇತ. ಹಾಗಾಗಿ ಗಾಬರಿಯಿಂದ ರೀಸ್ಟಾರ್ಟ್ ಒತ್ತಬೇಡಿ. ಮೈಕ್ರೋಸಾಫ್ಟ್‌ನ ರಿಮೋಟ್ ಡೆಸ್ಕ್‌ಟಾಪ್ ಆಗಿದ್ದರೆ ಕಂಟ್ರೋಲ್, ಆಲ್ಟ್, ಎಂಡ್ ಒಟ್ಟಿಗೆ ಒತ್ತಿ. ಸಿಟ್ರಿಕ್ಸ್‌ನಲ್ಲಿ ಮೇಲಿನ ಪಟ್ಟಿಯಲ್ಲಿ ಕಂಟ್ರೋಲ್-ಆಲ್ಟ್-ಡಿಲೀಟ್ ಗುಂಡಿ ಇರುತ್ತದೆ. ಆಗ ಮೂಡುವ ಪಟ್ಟಿಯಲ್ಲಿ ಟಾಸ್ಕ್ ಮ್ಯಾನೇಜರ್ ಆರಿಸಿ, ಅದು ಬಂದರೆ ಹೊಸ ಟಾಸ್ಕ್ ಆಗಿ ಎಕ್ಸ್‌ಪ್ಲೋರರ್ (explorer.exe) ಓಡಿಸಿ. ಅನೇಕ ಸಲ ಡೆಸ್ಕ್‌ಟಾಪ್ ಅಲ್ಲೇ ಮೂಡುತ್ತದೆ. ಆಗದಿದ್ದರೆ ಹೆಲ್ಪ್‌ಡೆಸ್ಕ್‌ನವರಿಗೆ ಸೆಷನ್ ಲಾಗ್‌ಆಫ್ ಮಾಡಿಕೊಡಿ ಎನ್ನಿ, ಆದರೆ ಸೇವ್ ಆಗದ ಕೆಲಸ ಅದರೊಂದಿಗೆ ಹೋಗುತ್ತದೆ.

ತಾತ್ಕಾಲಿಕ ಪ್ರೊಫೈಲ್‌ನಲ್ಲಿದ್ದೀರಿ (ಪ್ರೊಫೈಲ್ ಅಂದರೆ ನಿಮ್ಮ ಸೆಟ್ಟಿಂಗ್, ಫೈಲ್‌ಗಳ ಗಂಟು) ಎಂಬ ಸಂದೇಶ ಬಂದು ನಿಮ್ಮ ಐಕಾನ್‌ಗಳೆಲ್ಲ ಮಾಯವಾಗಿದ್ದರೆ ದಯವಿಟ್ಟು ಅಲ್ಲಿ ಏನನ್ನೂ ಸೇವ್ ಮಾಡಬೇಡಿ, ಸೈನ್‌ಔಟ್ ಆದೊಡನೆ ಅಳಿಸಿಹೋಗುತ್ತದೆ. ಹಳೆಯ ಸೆಷನ್ ನಿಮ್ಮ ಪ್ರೊಫೈಲ್ ಫೈಲನ್ನು ಬಿಟ್ಟುಕೊಡದಿದ್ದಾಗ ಹೀಗಾಗುವುದುಂಟು. ಸಂಜೆ ಕೆಲಸ ಮುಗಿದ ಮೇಲೆ ಕಿಟಕಿಯ ಗುಣಾಕಾರ ಚಿಹ್ನೆ ಒತ್ತಿ ಎದ್ದುಹೋಗದೆ ಸ್ಟಾರ್ಟ್ ಮೆನುವಿನಿಂದ ಸೈನ್‌ಔಟ್ ಆಗಿ.

ಟಿಕೆಟ್ (ಹೆಲ್ಪ್‌ಡೆಸ್ಕ್‌ಗೆ ಕೊಡುವ ದೂರು) ಹಾಕುವಾಗ 'ಸ್ಲೋ ಇದೆ' ಎಂದಷ್ಟೇ ಬರೆದರೆ ನಮ್ಮಂಥವರಿಗೆ ಹಿಡಿಯಲು ಏನೂ ಸಿಗುವುದಿಲ್ಲ. ತೊಂದರೆಯಾದ ಗಂಟೆ-ನಿಮಿಷ, ಪರದೆಯ ಮೇಲಿನ ಸಂದೇಶದ ಫೋಟೊ, ಎರಡೂ ಪಿಂಗ್‌ನ ಸ್ಕ್ರೀನ್‌ಶಾಟ್ ಸೇರಿಸಿ. ಆ ನಿಮಿಷ ಗೊತ್ತಿದ್ದರೆ ಸರ್ವರ್‌ನ ಲಾಗ್‌ನಲ್ಲಿ ನೇರ ಅಲ್ಲಿಗೇ ಹೋಗಿ ನೋಡಬಹುದು.