ಟಿಬಿ ಮಾತ್ರೆ ಶುರುವಾದ ಮೇಲೆ ಅಣ್ಣ ಮಂಕಾಗಿದ್ದಾರೆ, ಮಾತ್ರೆ ನಿಲ್ಲಿಸಬಹುದಾ?

ನೀವಾಗಿಯೇ ನಿಲ್ಲಿಸಬೇಡಿ. ಆದರೆ ಮುಂದಿನ ತಪಾಸಣೆ ಬರಲಿ ಅಂತ ಕಾಯಲೂಬೇಡಿ, ಇವತ್ತೇ ಡಾಕ್ಟರಿಗೆ ಹೇಳಿ.

ನಿಮ್ಮಣ್ಣನಿಗೆ ಬಂದಿರುವ, ಮಾಮೂಲಿ ಮಾತ್ರೆಗೆ ಬಗ್ಗದ ಟಿಬಿ ನನಗೂ ಬಂದಿತ್ತು. ನನಗೆ ಕೊಟ್ಟಿದ್ದರಲ್ಲಿ ಸೈಕ್ಲೋಸೆರಿನ್ ಅನ್ನುವ ಔಷಧಿ ಕೂಡ ಇತ್ತು. ಮೂರನೇ ತಿಂಗಳಿಗೆ ಪಕ್ಕದ ಕೋಣೆಯಲ್ಲಿ ಯಾರೋ ನನ್ನ ಬಗ್ಗೆಯೇ ಮಾತಾಡುತ್ತಿರುವ ಹಾಗೆ ಕೇಳಿಸತೊಡಗಿತು. ಮಾತ್ರೆಯಲ್ಲಿ ಏನೋ ಬೆರೆಸಿದ್ದಾರೆ ಅಂತ ಅನುಮಾನ. ನುಂಗಿದ ಹಾಗೆ ಮಾಡಿ, ಕೆನ್ನೆಯೊಳಗೆ ಒತ್ತಿಟ್ಟುಕೊಂಡು, ಎಲ್ಲರೂ ಆಚೆ ಹೋದ ಮೇಲೆ ದಿಂಬಿನ ಕವರಿಗೆ ತುರುಕುತ್ತಿದ್ದೆ. ಒಂದಿನ ಅಕ್ಕ ಹಾಸಿಗೆ ಕೊಡವುವಾಗ ಒಂದಕ್ಕೊಂದು ಅಂಟಿಕೊಂಡ ಕ್ಯಾಪ್ಸೂಲ್‌ಗಳು ನೆಲಕ್ಕೆ ಬಿದ್ದವು. ಅವಳು ಬೈಯಲಿಲ್ಲ. ಕಾಗದದಲ್ಲಿ ಕಟ್ಟಿಕೊಂಡು ನನ್ನನ್ನೂ ಕರೆದುಕೊಂಡು ಸೀದಾ ಡಾಕ್ಟರ ಹತ್ತಿರ ಹೋದಳು.

ಸೈಕ್ಲೋಸೆರಿನ್‌ನಿಂದ ಖಿನ್ನತೆ, ಭ್ರಮೆ, ಸಾಯಬೇಕು ಅನ್ನುವ ಯೋಚನೆ ಎಲ್ಲಾ ಬರಬಹುದು, ಅದಕ್ಕೇ ಜೊತೆಗೆ ಬಿ6 ವಿಟಮಿನ್ ಕೊಡುತ್ತಾರೆ. ನನಗೆ ಅದನ್ನು ತೆಗೆದು ಬೇರೆ ಔಷಧಿ ಹಾಕಿದರು, ಮನೋವೈದ್ಯರಿಗೂ ತೋರಿಸಿದರು. ಕೆಲವು ವಾರಗಳಲ್ಲಿ ಆ ದನಿಗಳು ನಿಂತವು, ಟಿಬಿ ಚಿಕಿತ್ಸೆ ಮಾತ್ರ ಮುಂದುವರಿಯಿತು. ಈಗ ಎಷ್ಟೋ ಜನರಿಗೆ ಬೆಡಾಕ್ವಿಲಿನ್ ಇರುವ 6 ತಿಂಗಳ ಚಿಕಿತ್ಸೆ ಸಾಕಾಗುತ್ತದೆ, ಅದರಲ್ಲಿ ಸೈಕ್ಲೋಸೆರಿನ್ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಅದಕ್ಕೆ ಶಿಫಾರಸು ಮಾಡಿದೆ. ನಿಮ್ಮಣ್ಣನಿಗೆ ಹೊಂದುತ್ತದಾ ಅಂತ ಕೇಳಿ.

ಇನ್ನೊಂದು ವಿಷಯ, ಇದನ್ನು ದಯವಿಟ್ಟು ಮರೆಯಬೇಡಿ. ಎಲ್ಲಾ ಮಾತ್ರೆಗಳ ಸ್ಟ್ರಿಪ್‌ಗಳನ್ನು ಒಂದು ಚೀಲಕ್ಕೆ ಹಾಕಿ ಟಿಬಿ ಡಾಕ್ಟರಿಗೂ ಮನೋವೈದ್ಯರಿಗೂ ತೋರಿಸಿ. ಟಿಬಿಯ ಲಿನೆಜೊಲಿಡ್ ಜೊತೆ ಖಿನ್ನತೆಯ ಕೆಲವು ಮಾತ್ರೆ ಸೇರಿದರೆ ಜ್ವರ, ನಡುಕ, ಗಾಬರಿ ಬಂದು ಜೀವಕ್ಕೇ ಅಪಾಯ ಆಗಬಹುದು. ಮಾಮೂಲಿ ಟಿಬಿಗೆ ಕೊಡುವ ರಿಫಾಂಪಿಸಿನ್ ಅಂತೂ ಮನಸ್ಸಿನ ಕಾಯಿಲೆಯ ಎಷ್ಟೋ ಔಷಧಿಗಳ ಬಲವನ್ನೇ ಇಳಿಸಿಬಿಡುತ್ತದೆ. ಎದೆ ನೋಡುವವರಿಗೆ ಮನೋವೈದ್ಯರ ಚೀಟಿ ಗೊತ್ತಿರುವುದಿಲ್ಲ, ಅವರಿಗೆ ಇವರದು ಗೊತ್ತಿರುವುದಿಲ್ಲ, ಮಧ್ಯೆ ಇರುವವರು ನೀವೇ ಅಲ್ವಾ.

ಹಾಗಂತ ಎಲ್ಲಾ ಮಾತ್ರೆಯದೇ ತಪ್ಪು ಅಂತಲ್ಲ. ತಿಂಗಳುಗಟ್ಟಲೆ ಒಂಟಿಯಾಗಿ ಮಲಗಿ, ಮೈ ಇಳಿದು, ಜನ ದೂರ ನಿಂತರೆ ಯಾರ ಮನಸ್ಸಾದರೂ ಕುಗ್ಗುತ್ತದೆ. ಅದಕ್ಕೂ ಚಿಕಿತ್ಸೆ ಇದೆ.

ಸಾಯುವ ಮಾತು ಆಡಿದರೆ ಒಬ್ಬರನ್ನೇ ಬಿಡಬೇಡಿ, ಆಗಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಮತ್ತೆ, ಮಾತ್ರೆ ನಿಜವಾಗಿ ನುಂಗುತ್ತಿದ್ದಾರಾ ಅಂತ ಒಮ್ಮೆ ನೋಡಿ. ಬಚ್ಚಿಟ್ಟಿದ್ದು ಸಿಕ್ಕಿದರೆ ಬೈಯಬೇಡಿ, ಯಾಕೆ ಬೇಡ ಅನಿಸಿತು ಅಂತ ಪಕ್ಕದಲ್ಲಿ ಕೂತು ಕೇಳಿ.