ಮದುವೆಗೆ ಮೊದಲೇ ಮಗುವಾ?

ಪ್ರಶ್ನೆ: ನಮ್ಮ ಅಜ್ಜಿಯ ಅಜ್ಜ ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ಕೆಜಿಎಫ್‌ಗೆ ಗಣಿ ಕೆಲಸಕ್ಕೆ ಬಂದವರು. ಮಗಳು ಇಂಟರ್ನೆಟ್ಟಿನಲ್ಲಿ ಹುಡುಕಿ, ವಂಶ ಜಾನ್ ಎಂಬುವರ ತನಕ ಹೋಗುತ್ತದೆ ಅಂತಾಳೆ. ಆದರೆ ಜಾನ್‌ಗೆ ಚರ್ಚಿನಲ್ಲಿ ಜ್ಞಾನಸ್ನಾನ ಆಗಿದ್ದು ಫೆಬ್ರವರಿ 1641, ಅವರ ಅಪ್ಪ ಅಮ್ಮನ ಮದುವೆ ಏಪ್ರಿಲ್ 1641! ಮನೆಯಲ್ಲಿ ಎಲ್ಲರಿಗೂ ನಗು, ನಮ್ಮಮ್ಮನಿಗೆ ಮಾತ್ರ ಬೇಜಾರು. ದಾಖಲೆ ತಪ್ಪಿದೆಯಾ?
— ಹೆಸರು ಬೇಡ, ರಾಬರ್ಟ್‌ಸನ್‌ಪೇಟೆ

ಉತ್ತರ: ಅಮ್ಮನಿಗೆ ಸಮಾಧಾನ ಹೇಳಿ, ಬಹುಶಃ ಎರಡೂ ಸರಿ. ಆಗ ಇಂಗ್ಲೆಂಡಿನಲ್ಲಿ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಜನವರಿ 1ಕ್ಕೆ ಬದಲಾಗಿದ್ದು 1752ರಲ್ಲಿ. ಹಾಗಾಗಿ ಅವರ ಲೆಕ್ಕದಲ್ಲಿ 1641ರ ಏಪ್ರಿಲ್ ಮೊದಲು, 1641ರ ಫೆಬ್ರವರಿ ಆಮೇಲೆ. ನಮ್ಮ ಲೆಕ್ಕಕ್ಕೆ ಆ ಫೆಬ್ರವರಿ 1642. ಮದುವೆಯಾಗಿ ಹತ್ತು ತಿಂಗಳಿಗೆ ಮಗು, ಅಲ್ವಾ?

ಆದರೆ ಒಂದು ತೊಡಕಿದೆ. ಚರ್ಚಿನ ಜ್ಞಾನಸ್ನಾನ, ಮದುವೆ ಪುಸ್ತಕಗಳನ್ನು ಇಂಟರ್ನೆಟ್ಟಿಗೆ ಹಾಕುವವರಲ್ಲಿ ಕೆಲವರು ವರ್ಷವನ್ನು ಈಗಿನ ಲೆಕ್ಕಕ್ಕೆ ತಿದ್ದಿಬಿಡುತ್ತಾರೆ, ಕೆಲವರು ಇದ್ದ ಹಾಗೇ ಬಿಡುತ್ತಾರೆ. ಅದಕ್ಕೇ ಮೂಲ ಪುಟದ ಫೋಟೊ ನೋಡಿ. 1641 ಅಂತ ತಲೆಬರಹ ಇರುತ್ತದೆ, ಕೆಳಗೆ ಏಪ್ರಿಲ್, ಮೇ ಹೀಗೆ ಸಾಗಿ ಡಿಸೆಂಬರ್ ದಾಟಿ ಜನವರಿ, ಫೆಬ್ರವರಿಯೂ ಅದರ ಕೆಳಗೇ ಬಂದು, ಮಾರ್ಚ್ ಕೊನೆಯ ವಾರದಲ್ಲಿ 1642 ಶುರುವಾದರೆ ಸಂಶಯವೇ ಬೇಡ. ಕೈಬರಹ ಓದುವುದು ಕಷ್ಟ, ಎಷ್ಟೋ ಕಡೆ ಲ್ಯಾಟಿನ್ ಬೇರೆ. ಜಾನ್ ಅಲ್ಲಿ ಜೊಹಾನ್ನೆಸ್, ಜೇಮ್ಸ್ ಜಾಕೋಬಸ್.

ನಿಮ್ಮ ಅದೃಷ್ಟ ನೋಡಿ, 1641–42ರಲ್ಲಿ ಪಾರ್ಲಿಮೆಂಟ್ ಹದಿನೆಂಟು ದಾಟಿದ ಗಂಡಸರಿಂದೆಲ್ಲ ಒಂದು ಪ್ರಮಾಣ ಮಾಡಿಸಿ, ಊರೂರಿನ ಹೆಸರು ಬರೆಸಿಕೊಂಡಿತು. ಕಾರ್ನ್‌ವಾಲ್‌ನ ಪಟ್ಟಿಗಳು ಬಹುಪಾಲು ಉಳಿದಿವೆ. ಜಾನ್ ಅಪ್ಪನ ಹೆಸರಿನವರು ಅದೇ ಊರಲ್ಲಿ ಒಬ್ಬರೇ ಇದ್ದರೋ ಮೂವರಿದ್ದರೋ ಅಲ್ಲಿ ಗೊತ್ತಾಗುತ್ತದೆ.

ನನಗೆ ಜಾಸ್ತಿ ಅನುಮಾನ ಇರುವುದು ಜಾನ್‌ನಿಂದ ನಿಮ್ಮ ತನಕದ ದಾರಿಯ ಮೇಲೆ. ಜಾನ್ ಟೇಲರ್ ಆ್ಯಂಡ್ ಸನ್ಸ್ ಕಂಪನಿ ಕೋಲಾರದ ಗಣಿ ನಡೆಸಲು ಶುರು ಮಾಡಿದ್ದೇ 1880ರಲ್ಲಿ. ನಡುವೆ ಇನ್ನೂರೈವತ್ತು ವರ್ಷದಷ್ಟು ಅಂತರ ಇದೆ. ಯಾರೋ ಹಾಕಿದ ವಂಶವೃಕ್ಷಕ್ಕೆ ಸುಮ್ನೆ ಜೋತುಬೀಳಬೇಡಿ. ಅಜ್ಜಿಯಿಂದ ಹಿಂದಕ್ಕೆ ಒಂದೊಂದೇ ತಲೆಮಾರು ಹೋಗಿ. 1642ರಿಂದ 1660ರ ತನಕ ಯುದ್ಧ, ಗಲಾಟೆಯಲ್ಲಿ ಎಷ್ಟೋ ಚರ್ಚುಗಳ ಪುಸ್ತಕ ಖಾಲಿ ಬಿದ್ದಿವೆ. ಅಲ್ಲಿ ಉಯಿಲುಗಳು ನೆರವಿಗೆ ಬರುತ್ತವೆ, ಮಕ್ಕಳು ಅಳಿಯಂದಿರ ಹೆಸರೆಲ್ಲ ಅದರಲ್ಲಿರುತ್ತದೆ. ಪಕ್ಕದ ಡೆವನ್ ಸೀಮೆಯ ಎಕ್ಸೆಟರ್ ನಗರದಲ್ಲಿದ್ದ ಉಯಿಲುಗಳು 1942ರ ಬಾಂಬ್ ದಾಳಿಯಲ್ಲಿ ಸುಟ್ಟುಹೋದವು, ಆದರೆ ಕಾರ್ನ್‌ವಾಲ್‌ನದೇ ಚರ್ಚ್ ಕೋರ್ಟಿಗೆ (ಆಗ ಉಯಿಲು ಮಂಜೂರು ಮಾಡುತ್ತಿದ್ದದ್ದು ಹೆಚ್ಚಾಗಿ ಇಂಥ ಕೋರ್ಟುಗಳೇ) ಬಂದವು ರೆಡ್‌ರುತ್ ಊರಿನ ಕ್ರೆಸೆನ್ ಕೆರ್ನೋ ಎಂಬ ದಾಖಲೆ ಭಂಡಾರದಲ್ಲಿವೆ. ಮಗಳಿಗೆ ಹೇಳಿ, ಅವರಿಗೆ ಒಂದು ಇಮೇಲ್ ಹಾಕಲಿ.